ಚಿತ್ರದ ಪಕ್ಕದಲ್ಲಿ ನಿಂತ ಮನುಷ್ಯ

ಟೋಕಿಯೋ ನಗರಕ್ಕೆ ನಾನು ಬಂದ ಹೊಸತರಲ್ಲಿ ರಾತ್ರಿಯ ಊಟಕ್ಕೆ ಹೋಗುತ್ತಿದ್ದುದು ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಒಂದು ಪುಟ್ಟ ಅಂಗಡಿಗೆ. ಏಳೆಂಟು ಜನ ಭುಜಕ್ಕೆ ಭುಜ ತಾಗಿಸಿ ಕುಳಿತರೆ ತುಂಬಿಹೋಗುವಷ್ಟು ಜಾಗ. ಬಿಸಿ ಸಾರಿನಲ್ಲಿ ಮುಳುಗಿದ ದಪ್ಪ ಶ್ಯಾವಿಗೆಯ ಬಟ್ಟಲು ಮುಂದೆ ಬರುವವರೆಗೂ ಗಿರಾಕಿಗಳೆಲ್ಲ ತಲೆಯೆತ್ತಿ, ಮೂಲೆಯ ಹಲಗೆಯ ಮೇಲಿದ್ದ ಟೆಲಿವಿಷನ್ ಕಡೆಗೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆದರೆ ಜಪಾನಿ ಭಾಷೆಯ ಗಂಧವೂ ನನಗಿರಲಿಲ್ಲವಾಗಿ, ಆ ಪೆಟ್ಟಿಗೆ ನನ್ನ ಪಾಲಿಗೆ ಶಬ್ದ ಮಾಡುವ ಮೂಕಚಿತ್ರವಾಗಿತ್ತು.

ಒಂದು ಸಂಜೆ ತೆರೆಯ ಮೇಲೆ ಐದು ಜನ ಕಾಣಿಸಿಕೊಂಡರು. ಎಲ್ಲರೂ ವಯಸ್ಸಾದವರು, ಎಲ್ಲರದೂ ಕಪ್ಪು ಉಡುಪು. ಒಂದು ಮೇಜಿನ ಹಿಂದೆ ಸಾಲಾಗಿ ನಿಂತು, ಸೊಂಟದವರೆಗೆ ಬಾಗಿ, ಎಷ್ಟು ಹೊತ್ತಾದರೂ ತಲೆಯೆತ್ತಲಿಲ್ಲ. ಕ್ಯಾಮರಾಗಳ ಬೆಳಕು ಮಿಂಚುತ್ತಲೇ ಇತ್ತು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ನಾನು ಊಹಿಸಿದೆ. ಊಟ ಮಾಡುವುದು ಉಚಿತವಲ್ಲವೆಂದು ಕೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟು ತಲೆ ತಗ್ಗಿಸಿದೆ. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನನ್ನು ನೋಡಿ ನಕ್ಕರು. ಅವರಿಗೆ ಬರುತ್ತಿದ್ದ ನಾಲ್ಕಾರು ಇಂಗ್ಲಿಷ್ ಶಬ್ದಗಳಿಗೆ ಕೈಸನ್ನೆಯನ್ನು ಬೆರೆಸಿ ವಿಷಯವನ್ನು ತಿಳಿಸಿದರು: ಸಾವಲ್ಲ, ಕಂಪನಿ, ತಪ್ಪು ಮಾಡಿದ್ದಾರೆ, ಕ್ಷಮೆ ಕೇಳುತ್ತಿದ್ದಾರೆ. ನಾನು ಕಡ್ಡಿಗಳನ್ನು ಮತ್ತೆ ಕೈಗೆತ್ತಿಕೊಂಡೆ. ಚಿತ್ರವೇನೂ ಬದಲಾಗಿರಲಿಲ್ಲ, ಅದೇ ಐದು ಬೋಳುತಲೆಗಳು, ಅದೇ ಬಾಗು. ಆದರೆ ಗಳಿಗೆಯ ಹಿಂದೆ ನನ್ನ ಮನಸ್ಸಿನಲ್ಲಿ ಹುಟ್ಟಿದ್ದ ಗೌರವದ ಜಾಗದಲ್ಲಿ ಈಗ ಕುತೂಹಲವೂ ಸ್ವಲ್ಪ ಕೋಪವೂ ಇದ್ದುವು.

ಅಂದಿನಿಂದ ಆ ಹಿರಿಯರು ನನ್ನ ಪಕ್ಕದಲ್ಲಿ ಕುಳಿತಾಗಲೆಲ್ಲ ತೆರೆಯ ಮೇಲಿನದನ್ನು ನನಗೆ ಬಿಡಿಸಿ ಹೇಳತೊಡಗಿದರು. ಕೆಲಸದ ಕಡೆಯಲ್ಲಿ ಪರಿಚಯವಾಗಿದ್ದ ಜಪಾನಿ ಗೆಳೆಯರೊಬ್ಬರಿಗೆ ಈ ಸಂಗತಿಯನ್ನು ಹೇಳಿದಾಗ ಅವರು, "ಹಾಗಾದರೆ ನಿಮಗೊಬ್ಬ ಬೆನ್‌ಶಿ ಸಿಕ್ಕಿದ ಹಾಗಾಯಿತು" ಎಂದರು. ಆ ಶಬ್ದವನ್ನು ನಾನು ಮೊದಲು ಕೇಳಿದ್ದು ಅಂದೇ. ಅದರ ಹಿಂದೆ ಬಿದ್ದಾಗ, ಈ ದೇಶದವರು ಚಿತ್ರವನ್ನು ನೋಡುವ ರೀತಿಯ ಬಗೆಗೆ ಮಾತ್ರವಲ್ಲ, ನಾವೆಲ್ಲರೂ ಚಿತ್ರವನ್ನು ನೋಡುವ ರೀತಿಯ ಬಗೆಗೇ ಕೆಲವು ಸಂಗತಿಗಳು ನನಗೆ ತಿಳಿದುಬಂದುವು.

ಚಲಚ್ಚಿತ್ರ ನಮ್ಮ ದೇಶಕ್ಕೂ ಜಪಾನಿಗೂ ಬಂದುದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಚಿತ್ರಗಳ ಪ್ರದರ್ಶನವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಪಾನಿನ ಕೋಬೆ ಬಂದರಿಗೆ ಎಡಿಸನ್ನನ ಕೈನೆಟೋಸ್ಕೋಪ್ ಬಂದಿತು. ಅದು ಒಬ್ಬೊಬ್ಬರಾಗಿ ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ನೋಡಬೇಕಾದ ಯಂತ್ರ. ತೆರೆಯ ಮೇಲೆ ಎಲ್ಲರೂ ಕೂಡಿ ನೋಡಬಹುದಾದ ಲ್ಯೂಮಿಯೇರ್ ಯಂತ್ರ ಒಸಾಕಾ ನಗರದಲ್ಲಿ ಕಾಣಿಸಿಕೊಂಡುದು 1897ರ ಫೆಬ್ರವರಿಯಲ್ಲಿ. ಅದನ್ನು ತಂದವನು ಇನಾಬಾತ ಕತ್ಸುತಾರೋ ಎಂಬ ವ್ಯಾಪಾರಿ. ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯನ್ನು ಕಲಿಯಲು ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋಗಿದ್ದ ಆತ ಅಲ್ಲಿ ಲ್ಯೂಮಿಯೇರ್ ಸಹೋದರರಲ್ಲಿ ಒಬ್ಬನ ಸಹಪಾಠಿಯಾಗಿದ್ದ.

ಆಗಿನ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕೆ ಮೀರದಂಥವು. ಯಂತ್ರಕ್ಕೆ ಸುರುಳಿಯನ್ನು ಸುತ್ತಿ ಸಿದ್ಧಗೊಳಿಸುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕಾಸು ಕೊಟ್ಟು ಬಂದವರನ್ನು ಅಷ್ಟು ಹೊತ್ತು ಸುಮ್ಮನೆ ಕೂಡಿಸುವುದು ಹೇಗೆ? ಅದಕ್ಕಾಗಿ ಒಬ್ಬ ಮಾತುಗಾರ ಮುಂದೆ ಬಂದು ನಿಂತ. ಯಂತ್ರದ ಮಹಿಮೆಯೇನು, ಪ್ಯಾರಿಸ್ ಎಲ್ಲಿದೆ, ತೆರೆಯ ಮೇಲೆ ಬರುವ ಆ ಹೆಂಗಸರ ಟೋಪಿ ಏಕೆ ಅಷ್ಟು ದೊಡ್ಡದು ಎಂದು ವಿವರಿಸತೊಡಗಿದ. ಚಿತ್ರಗಳು ಉದ್ದವಾಗಿ, ಕಥೆಗಳಾದುವು. ಮಾತುಗಾರ ಮಾತ್ರ ಹೋಗಲಿಲ್ಲ. ತೆರೆಯ ಪಕ್ಕದಲ್ಲಿ ಒಂದು ಪುಟ್ಟ ಮೇಜು, ಒಂದು ಮಂದದೀಪ ಇಟ್ಟುಕೊಂಡು ಅವನು ಅಲ್ಲಿಯೇ ನೆಲಸಿದ. ಅವನೇ ಬೆನ್‌ಶಿ. ನಾಯಕನ ಗಂಭೀರ ಧ್ವನಿ, ನಾಯಕಿಯ ಕೋಮಲ ಧ್ವನಿ, ಮುದುಕಿಯ ಗೊಣಗು, ಮಗುವಿನ ಅಳು ಎಲ್ಲವೂ ಅವನದೇ. ನಡುನಡುವೆ ಕಥೆಯನ್ನು ಹೇಳುವವನೂ ಅವನೇ. ನೀತಿಯನ್ನು ಹೇಳುವವನೂ ಅವನೇ.

ಮೂಕಚಿತ್ರಗಳ ಕಾಲದಲ್ಲಿ ಇಂತಹ ಮಾತುಗಾರರು ಬೇರೆ ದೇಶಗಳಲ್ಲಿ ಇರಲಿಲ್ಲವೆಂದಲ್ಲ. ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇದ್ದರು. ಆದರೆ ಚಿತ್ರದ ನಡುವೆ ಬರಹದ ಫಲಕಗಳು ಬಂದ ಮೇಲೆ ಅಲ್ಲಿ ಅವರ ಕೆಲಸ ತೀರಿತು. ಜಪಾನಿನಲ್ಲಿ ಮಾತ್ರ ಅವರು ಸುಮಾರು ನಾಲ್ಕು ದಶಕ ಬಾಳಿದರು, ಬಾಳಿದುದಷ್ಟೇ ಅಲ್ಲ, ಆಳಿದರು. ಇದಕ್ಕೆ ಕಾರಣ ಈ ದೇಶದ ಹಳೆಯ ಕಲೆಗಳಲ್ಲಿಯೇ ಇದೆ. ಬುನ್‌ರಾಕು ಎಂಬ ಇಲ್ಲಿಯ ಗೊಂಬೆಯಾಟವನ್ನು ನೋಡಿದವರಿಗೆ ಅದು ಕೂಡಲೇ ಹೊಳೆಯುತ್ತದೆ. ಗೊಂಬೆಗಳು ರಂಗದ ಮೇಲೆ ಅಳುತ್ತವೆ, ನಗುತ್ತವೆ. ಮಾತೆಲ್ಲ ಪಕ್ಕದ ಜಗಲಿಯ ಮೇಲೆ ಕುಳಿತ ಭಾಗವತನದು. ಅವನ ಜೊತೆಗೆ ಮೂರು ತಂತಿಯ ಶಾಮಿಸೆನ್ ನುಡಿಸುವವನೊಬ್ಬ. ಅದಕ್ಕೂ ಹಿಂದೆ, ಬೌದ್ಧ ದೇವಾಲಯಗಳಲ್ಲಿ ಚಿತ್ರಪಟಗಳನ್ನು ತೂಗುಹಾಕಿ, ಕೋಲಿನಿಂದ ಒಂದೊಂದನ್ನೂ ತೋರಿಸುತ್ತ ಕಥೆ ಹೇಳುವ ಸಂಪ್ರದಾಯವಿತ್ತು. ಚಿತ್ರ ಒಂದು ಕಡೆ, ಮಾತು ಇನ್ನೊಂದು ಕಡೆ. ಎರಡೂ ಕೂಡುವುದು ನೋಡುವವನ ಮನಸ್ಸಿನಲ್ಲಿ ಎಂಬುದು ಇವರಿಗೆ ಹೊಸದಾಗಿರಲಿಲ್ಲ.

ಕನ್ನಡದವರಾದ ನಮಗೂ ಇದು ಹೊಸದಾಗಬೇಕಾಗಿಲ್ಲ. ಗಮಕ ವಾಚನದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದಿದರೆ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ವ್ಯಾಖ್ಯಾನ ಮಾಡುತ್ತಾರೆ. ತೊಗಲು ಗೊಂಬೆಯಾಟದಲ್ಲಿ ಪರದೆಯ ಹಿಂದಿನ ದನಿಯೇ ರಾಮನೂ ಹೌದು, ರಾವಣನೂ ಹೌದು. ಒಳ್ಳೆಯ ವ್ಯಾಖ್ಯಾನಕಾರ ದೊರೆತ ಇರುಳು ಕೇಳುಗರು ಕವಿಯನ್ನು ಹೊಗಳಿದರೋ ವ್ಯಾಖ್ಯಾನಕಾರನನ್ನು ಹೊಗಳಿದರೋ ಹೇಳುವುದು ಕಷ್ಟ. ಜಪಾನಿನಲ್ಲಿಯೂ ಹಾಗೆಯೇ ಆಯಿತು. 1903ರಲ್ಲಿ ಟೋಕಿಯೋ ನಗರದ ಅಸಾಕುಸ ಬಡಾವಣೆಯಲ್ಲಿ ದೇಶದ ಮೊದಲ ಖಾಯಂ ಚಿತ್ರಮಂದಿರವಾದ 'ದೆನ್‌ಕಿಕಾನ್', ಎಂದರೆ 'ವಿದ್ಯುತ್ ಮಂದಿರ', ತೆರೆಯಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಬೆನ್‌ಶಿಗಳ ಸಂಖ್ಯೆ ಸಾವಿರಗಟ್ಟಲೆಯಾಯಿತು. ಅವರಲ್ಲಿ ಹೆಂಗಸರೂ ಇದ್ದರು. ಇಂದು ಯಾವ ಚಿತ್ರ ಎಂದು ಕೇಳುವುದಕ್ಕೆ ಬದಲು ಇಂದು ಯಾವ ಬೆನ್‌ಶಿ ಎಂದು ಕೇಳಿ ಟಿಕೆಟು ಕೊಳ್ಳುವವರು ಹೆಚ್ಚಾದರು.

ಅವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಲೇಬೇಕು: ತೊಕುಗಾವಾ ಮುಸೇಯ್ (1894–1971). 'ಮುಸೇಯ್' ಎಂದು ಆತ ಬರೆದುಕೊಳ್ಳುತ್ತಿದ್ದ ಅಕ್ಷರಗಳಿಗೆ 'ಕನಸಿನ ದನಿ' ಎಂದು ಅರ್ಥ. ಬೇರೆ ಅಕ್ಷರಗಳಲ್ಲಿ ಬರೆದರೆ ಅದೇ ಉಚ್ಚಾರಣೆಗೆ 'ದನಿಯಿಲ್ಲದ್ದು' ಎಂದು ಅರ್ಥ. ಮೂಕಚಿತ್ರಕ್ಕೆ ಜಪಾನಿಯಲ್ಲಿ ಬಳಸುವ ಶಬ್ದವೂ ಅದೇ. ಮಾತನ್ನೇ ಮಾರಿ ಬದುಕುವವನು ತನ್ನ ಹೆಸರಿನಲ್ಲಿ ಮೌನವನ್ನು ಬಚ್ಚಿಟ್ಟುಕೊಂಡಿದ್ದ. ಅವನ ಕೀರ್ತಿಗೆ ಕಾರಣವೂ ಅದೇ ಎನ್ನುತ್ತಾರೆ: ಇತರರು ಎಡೆಬಿಡದೆ ಮಾತನಾಡುತ್ತಿದ್ದ ಕಡೆ ಆತ ತಡೆದು, ಬಿಟ್ಟು, ಚಿತ್ರಕ್ಕೆ ಉಸಿರಾಡಲು ಎಡೆಗೊಟ್ಟು ಮಾತನಾಡುತ್ತಿದ್ದ.

ಇಷ್ಟು ಕೇಳಿದರೆ ಬೆನ್‌ಶಿ ಬರಿಯ ಮನರಂಜನೆಯ ಮನುಷ್ಯನೆಂದು ತೋರಬಹುದು. ಆದರೆ ಪಕ್ಕದಲ್ಲಿ ನಿಂತವನಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಅಂದಿನ ಪೋಲೀಸರು ಬೇಗನೆ ಕಂಡುಕೊಂಡರು. ಚಿತ್ರಚರಿತ್ರೆಯನ್ನು ಬರೆದವರು ಹೇಳುವ ಒಂದು ಕಥೆಯಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಪತನದ ಚಿತ್ರವೊಂದು ಟೋಕಿಯೋಗೆ ಬಂದಿತಂತೆ. ಪ್ರಜೆಗಳು ಅರಸನನ್ನು ಕೆಳಗಿಳಿಸುವ ಕಥೆಯನ್ನು ಚಕ್ರವರ್ತಿಯ ರಾಜಧಾನಿಯಲ್ಲಿ ತೋರಿಸುವುದೆಂದರೇನು? ಅಧಿಕಾರಿಗಳು ತಡೆದರು. ಕೆಲವೇ ದಿನಗಳಲ್ಲಿ ಅದೇ ಚಿತ್ರ ಬೇರೆ ಹೆಸರಿನಿಂದ ಮತ್ತೆ ತೆರೆಯ ಮೇಲೆ ಬಂದಿತು. ಈ ಸಲ ಬೆನ್‌ಶಿಯ ಬಾಯಲ್ಲಿ ದೊರೆ ಅಮೆರಿಕದ ಗುಹೆಯೊಂದರಲ್ಲಿದ್ದ ಕಳ್ಳರ ನಾಯಕನಾಗಿದ್ದ. ಅರಮನೆಗೆ ನುಗ್ಗುವ ಜನ ಕಳ್ಳರನ್ನು ಹಿಡಿಯಲು ಹೊರಟ ಸಜ್ಜನರಾಗಿದ್ದರು! ಒಂದು ಅಂಗುಲ ಫಿಲ್ಮನ್ನೂ ಕತ್ತರಿಸಬೇಕಾಗಿ ಬರಲಿಲ್ಲ.

1917ರಲ್ಲಿ ಟೋಕಿಯೋ ಪೋಲೀಸರು ಚಿತ್ರಪ್ರದರ್ಶನಕ್ಕೆ ಹೊಸ ನಿಯಮಗಳನ್ನು ತಂದರು. ಗಂಡಸರೂ ಹೆಂಗಸರೂ ಬೇರೆಬೇರೆ ಕೂಡಬೇಕೆಂದು ಒಂದು ನಿಯಮ. ಬೆನ್‌ಶಿಯಾಗುವವನು ಸರ್ಕಾರದಿಂದ ಪರವಾನಗಿ ಪಡೆಯಬೇಕೆಂದು ಇನ್ನೊಂದು. ಚಿತ್ರವನ್ನು ಪರೀಕ್ಷಿಸಿದರೆ ಸಾಲದು, ಚಿತ್ರದ ಅರ್ಥವನ್ನು ಹೇಳುವವನನ್ನೂ ಪರೀಕ್ಷಿಸಬೇಕು ಎಂಬುದು ಅವರ ತರ್ಕ. ಆ ತರ್ಕದಲ್ಲಿ ಹುರುಳಿತ್ತು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾ ದೇಶಕ್ಕೂ ಈ ಪದ್ಧತಿ ಹರಡಿತ್ತು. ಅಲ್ಲಿ ಅವರನ್ನು 'ಪ್ಯೊನ್‌ಸಾ' ಎನ್ನುತ್ತಿದ್ದರು. 1926ರಲ್ಲಿ ಅಲ್ಲಿ ತಯಾರಾದ 'ಆರಿರಾಂಗ್' ಎಂಬ ಮೂಕಚಿತ್ರದಲ್ಲಿ ಒಬ್ಬ ಮತಿಭ್ರಮಣೆಯಾದ ತರುಣನ ಕಥೆಯಿದೆ. ಪೋಲೀಸರಿದ್ದಾಗ ಪ್ಯೊನ್‌ಸಾ ಅದನ್ನು ಒಂದು ಸಂಸಾರದ ದುಃಖವೆಂಬಂತೆ ಹೇಳುತ್ತಿದ್ದನಂತೆ. ಅವರಿಲ್ಲದಾಗ ಅದೇ ಕಥೆ ನಾಡಿನ ದುಃಖವಾಗುತ್ತಿತ್ತಂತೆ. ಟೋಕಿಯೋದಲ್ಲಿ ಸತ್ಯವನ್ನು ಮುಚ್ಚಲು ಬಳಕೆಯಾದ ಕಲೆಯೇ ಅಲ್ಲಿ ಸತ್ಯವನ್ನು ನುಸುಳಿಸಲು ಬಳಕೆಯಾಯಿತು. ಪಕ್ಕದ ಮನುಷ್ಯ ಒಳ್ಳೆಯವನೇ ಕೆಟ್ಟವನೇ ಎಂಬ ಪ್ರಶ್ನೆಗೆ ಅದರಿಂದಲೇ ಒಂದು ಮಾತಿನ ಉತ್ತರವಿಲ್ಲ.

ಜಪಾನಿನ ವಿದ್ಯಾವಂತರಲ್ಲಿಯೇ ಕೆಲವರಿಗೆ ಬೆನ್‌ಶಿಗಳನ್ನು ಕಂಡರಾಗುತ್ತಿರಲಿಲ್ಲ. ಚಿತ್ರ ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕು, ಹೇಳಬೇಕಾದುದನ್ನು ಚಿತ್ರವೇ ಹೇಳಬೇಕು ಎಂದು 1910ರ ದಶಕದಲ್ಲಿಯೇ ವಾದಿಸಿದ ತರುಣರಿದ್ದರು. ಅವರ ವಾದ ನ್ಯಾಯವಾದುದೆಂದೇ ಹೇಳಬೇಕು. ಆದರೆ ಬೆನ್‌ಶಿಯನ್ನು ಕೊನೆಗೆ ಕೆಳಗಿಳಿಸಿದುದು ವಾದವಲ್ಲ, ಯಂತ್ರ. 1929ರಲ್ಲಿ ಟೋಕಿಯೋಗೆ ವಿದೇಶಿ ವಾಕ್ಚಿತ್ರಗಳು ಬಂದುವು. 1931ರಲ್ಲಿ 'ಮೊರಾಕ್ಕೋ' ಎಂಬ ಅಮೆರಿಕದ ಚಿತ್ರ ತೆರೆಯ ಮೇಲೆಯೇ ಜಪಾನಿ ಅಕ್ಷರಗಳನ್ನು ಹೊತ್ತು ಬಂದಿತು. ಅದೇ ವರ್ಷ ಗೋಶೋ ಹೇಯ್ನೊಸುಕೆ ಎಂಬ ನಿರ್ದೇಶಕ ಜಪಾನಿನ ಮೊದಲ ಯಶಸ್ವೀ ವಾಕ್ಚಿತ್ರವನ್ನು ತೆಗೆದ. ನಮ್ಮ ದೇಶದ ಮೊದಲ ವಾಕ್ಚಿತ್ರವಾದ 'ಆಲಂ ಆರಾ' ಬಂದುದೂ 1931ರಲ್ಲಿಯೇ. ಕನ್ನಡದ 'ಸತಿ ಸುಲೋಚನ' ಮೂರು ವರ್ಷಗಳ ಮೇಲೆ, 1934ರಲ್ಲಿ ಬಂದಿತು. ಗೋಶೋ ತೆಗೆದ ಚಿತ್ರದ ಕಥೆ ಸ್ವಾರಸ್ಯವಾದುದು: ನಾಟಕ ಬರೆಯಲು ಕುಳಿತ ಬರಹಗಾರನೊಬ್ಬ ನೆರೆಮನೆಯ ಸಂಗೀತದ ಗದ್ದಲದಿಂದ ಪಡುವ ಪಾಡು! ದನಿ ಬಂದ ಮೊದಲ ದಿನವೇ ದನಿಯ ಮೇಲೆ ದೂರು.

ವಾಕ್ಚಿತ್ರ ಬಂದ ಮೇಲೆ ಬೆನ್‌ಶಿಗಳ ಜೊತೆಗೆ ಚಿತ್ರಮಂದಿರದ ವಾದ್ಯಗಾರರೂ ಬೀದಿಗೆ ಬಿದ್ದರು. 1932ರಲ್ಲಿ ಮುಷ್ಕರ ನಡೆಯಿತು. ಮುಷ್ಕರದ ಮುಂದಾಳುಗಳಲ್ಲಿ ಒಬ್ಬ ಸುದಾ ತೇಯ್ಮೇಯ್ ಎಂಬ ಹೆಸರಿನಿಂದ ವಿದೇಶಿ ಚಿತ್ರಗಳಿಗೆ ಮಾತು ಹೇಳುತ್ತಿದ್ದ ತರುಣ. ಅವನ ನಿಜವಾದ ಹೆಸರು ಕುರೋಸಾವಾ ಹೇಯ್ಗೋ. ಮುಂದೆ 'ರಶೋಮನ್' ಮತ್ತು 'ಸೆವೆನ್ ಸಮುರಾಯ್' ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತನಾದ ಕುರೋಸಾವಾ ಅಕಿರಾ (1910–1998) ಅವನ ತಮ್ಮ.

ತಮ್ಮ ತನ್ನ ಆತ್ಮಕಥೆಯಲ್ಲಿ ಅಣ್ಣನ ನೆನಪನ್ನು ಬಹಳ ಮುಟ್ಟುವಂತೆ ಬರೆದಿದ್ದಾನೆ. 1923ರ ಸೆಪ್ಟೆಂಬರ್ 1ರ ಭೂಕಂಪದಿಂದ ಟೋಕಿಯೋ ಸುಟ್ಟು ಬೂದಿಯಾದಾಗ ಅಕಿರಾನಿಗೆ ಹದಿಮೂರು ವರ್ಷ. ಅಣ್ಣ ಅವನನ್ನು ಕರೆದುಕೊಂಡು ಆ ಹಾಳೂರಿನ ನಡುವೆ ನಡೆದ. ಹುಡುಗ ಕಣ್ಣು ಮುಚ್ಚಿಕೊಂಡಾಗ ಅಣ್ಣ ಗದರಿಸಿ, ನೇರವಾಗಿ ನೋಡು ಎಂದ. ಕಣ್ಣು ಮುಚ್ಚಿಕೊಂಡರೆ ಭಯ ದೊಡ್ಡದಾಗುತ್ತದೆ, ನೋಡಿದರೆ ಆಗುವುದಿಲ್ಲ ಎಂಬುದು ಅವನ ಉಪದೇಶದ ತಾತ್ಪರ್ಯ. ಪಕ್ಕದಲ್ಲಿ ನಿಂತು ನೋಡುವುದನ್ನು ಕಲಿಸುವವನು ಎಂಬ ಅರ್ಥದಲ್ಲಿ ಹೇಯ್ಗೋ ಆಗಲೇ ಬೆನ್‌ಶಿಯಾಗಿದ್ದನೆಂದು ನನಗನ್ನಿಸುತ್ತದೆ.

ಮುಷ್ಕರ ಸೋತಿತು. 1933ರಲ್ಲಿ ಹೇಯ್ಗೋ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಕೆಲವು ವರ್ಷಗಳು ಕಳೆದ ಮೇಲೆ, ಸಹಾಯಕ ನಿರ್ದೇಶಕನಾಗಿದ್ದ ಅಕಿರಾನನ್ನು ಒಂದು ಚಿತ್ರದ ತಯಾರಿಕೆಯ ವೇಳೆಯಲ್ಲಿ ಮುಸೇಯ್ ನೋಡಿದ. ಬೆನ್‌ಶಿಯ ಕೆಲಸ ಹೋದ ಮೇಲೆ ನಟನಾಗಿದ್ದ ಆತ ತನ್ನ ಹಳೆಯ ಸಹೋದ್ಯೋಗಿಯ ತಮ್ಮನನ್ನು ದಿಟ್ಟಿಸಿ, ನೀನು ನಿನ್ನ ಅಣ್ಣನ ಹಾಗೆಯೇ ಇದ್ದೀಯೆ, ಅವನು ನೆಗೆಟಿವ್, ನೀನು ಪಾಸಿಟಿವ್, ಅಷ್ಟೇ ಎಂಬ ಅರ್ಥದ ಮಾತನ್ನು ಹೇಳಿದನಂತೆ. ಫೋಟೋ ತೆಗೆಯುವವರ ಭಾಷೆ ಇದು. ನೆಗೆಟಿವ್ ಇಲ್ಲದೆ ಪಾಸಿಟಿವ್ ಹುಟ್ಟುವುದಿಲ್ಲವೆಂಬುದನ್ನು ತಮ್ಮನೂ ಒಪ್ಪಿಕೊಂಡಿದ್ದಾನೆ.

ಕೆಲಸ ಕಳೆದುಕೊಂಡ ಬೆನ್‌ಶಿಗಳಲ್ಲಿ ಕೆಲವರು ಸೈಕಲ್ಲು ಹತ್ತಿದರು. 'ಕಾಮಿಶಿಬಾಯಿ' ಎಂದರೆ ಕಾಗದದ ನಾಟಕ. ಸೈಕಲ್ಲಿನ ಹಿಂದೆ ಒಂದು ಮರದ ಚೌಕಟ್ಟು. ಅದರಲ್ಲಿ ಕೈಯಿಂದ ಬರೆದ ಬಣ್ಣದ ಚಿತ್ರಗಳ ಹಲಗೆಗಳು. ಬೀದಿಯ ಮೂಲೆಯಲ್ಲಿ ನಿಂತು ಎರಡು ಮರದ ತುಂಡುಗಳನ್ನು ಟಕಟಕನೆ ಬಡಿದರೆ ಮಕ್ಕಳು ಓಡಿ ಬರುತ್ತಿದ್ದರು. ಅವನಿಂದ ಮಿಠಾಯಿ ಕೊಂಡವರಿಗೆ ಮುಂದಿನ ಸಾಲು, ಕೊಳ್ಳದವರಿಗೆ ಹಿಂದೆ. ಒಂದೊಂದೇ ಚಿತ್ರವನ್ನು ಸರಿಸುತ್ತ ಕಥೆ ಹೇಳಿ, ನಾಯಕ ಅಪಾಯದಲ್ಲಿರುವಾಗ ಸರಿಯಾಗಿ ನಿಲ್ಲಿಸಿ, ಉಳಿದುದು ನಾಳೆ ಎಂದು ಸೈಕಲ್ಲು ಏರಿ ಹೊರಟುಬಿಡುತ್ತಿದ್ದ. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಸಾವಿರಾರು ಜನರಿಗೆ ಇದು ಅನ್ನ ಕೊಟ್ಟಿತು. ಬುರುಡೆಯ ಮುಖ, ಕೆಂಪು ಮೇಲುವಸ್ತ್ರದ 'ಓಗೊನ್ ಬಾತ್ತೊ' ಎಂಬ ವೀರ ಈ ಹಲಗೆಗಳ ಮೇಲೆ ಹಾರಾಡತೊಡಗಿದುದು 1930ರ ದಶಕದ ಮೊದಲಲ್ಲಿ. ಅಮೆರಿಕದ ಸೂಪರ್‌ಮ್ಯಾನ್ ಹುಟ್ಟಿದುದು 1938ರಲ್ಲಿ.

ಯುದ್ಧ ಬಂದಾಗ ಸರ್ಕಾರ ಈ ಕಾಗದದ ನಾಟಕವನ್ನೂ ಬಿಡಲಿಲ್ಲ. ಹಣ ಉಳಿಸಿ, ಯುದ್ಧಕ್ಕೆ ಕೊಡಿ, ವಾಯುದಾಳಿಯಾದರೆ ಹೀಗೆ ಮಾಡಿ ಎಂದು ಹೇಳುವ ಚಿತ್ರಗಳು ಅಚ್ಚಾಗಿ ಊರೂರಿಗೆ ಹೋದುವು. ಮಕ್ಕಳಿಗೆ ಮಿಠಾಯಿ ಕೊಟ್ಟ ಅದೇ ನಂಬಿಕೆಯ ದನಿ ಈಗ ಮರಣವನ್ನು ಹೊಗಳಿತು. ಪಕ್ಕದ ಮನುಷ್ಯನ ಅಪಾಯ ಇದೇ: ಅವನ ಮೇಲೆ ನಮಗೆ ಪ್ರೀತಿಯಿರುತ್ತದೆ.

ಟೋಕಿಯೋ ನಗರದ ನಡುವೆ ಅತಾಗೋ ಎಂಬ ಒಂದು ಸಣ್ಣ ಗುಡ್ಡವಿದೆ. 1925ರಲ್ಲಿ ಜಪಾನಿನ ಬಾನುಲಿಯ ಖಾಯಂ ಪ್ರಸಾರ ಆರಂಭವಾದುದು ಅಲ್ಲಿಂದ. ಇಂದು ಅಲ್ಲಿ ಪ್ರಸಾರದ ವಸ್ತುಸಂಗ್ರಹಾಲಯವಿದೆ, 1956ರಲ್ಲಿ ತೆರೆದುದು. ರಜದ ದಿನವೊಂದರಲ್ಲಿ ಆ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಹೋಗಿದ್ದೆ. ಅಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು 1945ರ ಆಗಸ್ಟ್ 15ರ ಮಧ್ಯಾಹ್ನದ ಪ್ರಸಾರದ ಸಂಗತಿ. ಚಕ್ರವರ್ತಿ ಹಿರೋಹಿತೋ ಯುದ್ಧ ನಿಲ್ಲಿಸುವ ಘೋಷಣೆಯನ್ನು ಹಿಂದಿನ ರಾತ್ರಿಯೇ ಓದಿ ತಟ್ಟೆಗಳಲ್ಲಿ ಮುದ್ರಿಸಿದ್ದ. ಆ ತಟ್ಟೆಗಳನ್ನು ಕಿತ್ತುಕೊಳ್ಳಲು ಸೈನ್ಯದ ಕೆಲವು ಅಧಿಕಾರಿಗಳು ಅರಮನೆಗೇ ನುಗ್ಗಿ ಹುಡುಕಿದರು, ಸಿಗಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ದೇಶವೆಲ್ಲ ರೇಡಿಯೋ ಮುಂದೆ ನಿಂತು, ಅದುವರೆಗೆ ಎಂದೂ ಕೇಳದಿದ್ದ ಆ ದನಿಯನ್ನು ಕೇಳಿತು. ಕೇಳಿತು ನಿಜ, ತಿಳಿಯಲಿಲ್ಲ! ಅರಮನೆಯ ಹಳಗಾಲದ ಭಾಷೆ, ಗರಗರನೆಂಬ ಸದ್ದು. ಗೆದ್ದೆವೋ ಸೋತೆವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪ್ರಸಾರಕನೊಬ್ಬ ಅದೇ ಘೋಷಣೆಯನ್ನು ಮತ್ತೊಮ್ಮೆ ಓದಿದ. ಅದರ ಹಿಂದೆಯೇ ಬಂದ ಸುದ್ದಿಯ ಸರಳ ಮಾತಿನಿಂದ ಅನೇಕರಿಗೆ ನಿಜಸ್ಥಿತಿ ಮನದಟ್ಟಾಯಿತು. ಚಕ್ರವರ್ತಿಯ ಮಾತಿಗೂ ಪಕ್ಕದಲ್ಲಿ ಒಬ್ಬ ಬೆನ್‌ಶಿ ಬೇಕಾಯಿತು.

ಯುದ್ಧ ಮುಗಿದ ಮೇಲೆ ಹಸಿದ ಊರುಗಳಲ್ಲಿ ಕಾಗದದ ನಾಟಕ ಮತ್ತೆ ಚಿಗುರಿತು. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಮರಳಿದ ಮಿಜುಕಿ ಶಿಗೇರು (1922–2015) ಉಳಿದ ಒಂದು ಕೈಯಿಂದ ಅದಕ್ಕೆ ಚಿತ್ರ ಬರೆದು ಹೊಟ್ಟೆ ಹೊರೆದ. ಮುಂದೆ ಭೂತಪ್ರೇತಗಳ ಚಿತ್ರಕಥೆಗಳಿಂದ ದೇಶವೇ ಮೆಚ್ಚಿದ ಕಲಾವಿದನಾದ. 1953ರ ಫೆಬ್ರವರಿ 1ರಂದು ಟೆಲಿವಿಷನ್ ಪ್ರಸಾರ ಪ್ರಾರಂಭವಾಯಿತು. ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ಇದ್ದವರು ಕೆಲವೇ ಜನ. ಅದೇ ವರ್ಷ ಆರಂಭವಾದ ಖಾಸಗಿ ಸಂಸ್ಥೆಯೊಂದು ಬೀದಿಬೀದಿಯಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಿತು. 1954ರಲ್ಲಿ ರಿಕಿದೋಜಾನ್ ಎಂಬ ಜಟ್ಟಿ ಅಮೆರಿಕದಿಂದ ಬಂದ ಜಟ್ಟಿಗಳನ್ನು ಕೆಡವುವುದನ್ನು ನೋಡಲು ಸಾವಿರಾರು ಜನ ಆ ಪೆಟ್ಟಿಗೆಗಳ ಮುಂದೆ ಮುಗಿಬಿದ್ದರು. ಜನ ಟೆಲಿವಿಷನ್ನಿಗೆ ಇಟ್ಟ ಅಡ್ಡಹೆಸರು 'ದೆನ್‌ಕಿ ಕಾಮಿಶಿಬಾಯಿ', ಎಂದರೆ ವಿದ್ಯುತ್ತಿನ ಕಾಗದದ ನಾಟಕ! ಹೆಸರನ್ನು ಉಳಿಸಿಕೊಂಡು ಅಸಲನ್ನು ಅದು ನುಂಗಿತು. ಮಕ್ಕಳು ಮನೆಯೊಳಗೆ ಹೋದರು. ಬೀದಿಯ ಮೂಲೆಯಲ್ಲಿ ಮರದ ತುಂಡುಗಳ ಸದ್ದು ಕಡಮೆಯಾಗುತ್ತ ಬಂದಿತು.

ಹಾಗಾದರೆ ಬೆನ್‌ಶಿ ಸತ್ತನೇ? ಪೂರ್ತಿಯಾಗಿ ಇಲ್ಲ. ಬಾಲಕನಾಗಿದ್ದಾಗಲೇ ಬೆನ್‌ಶಿಯಾಗಿದ್ದ ಮತ್ಸುದಾ ಶುನ್ಸುಯಿ (1925–1987) ಹಾಳಾಗುತ್ತಿದ್ದ ಮೂಕಚಿತ್ರಗಳನ್ನು ಹುಡುಕಿ ಕೂಡಿಟ್ಟ. ಆತನ ಶಿಷ್ಯೆ ಸವಾತೊ ಮಿದೋರಿಯವರೂ ಅವರಿಗಿಂತ ಕಿರಿಯರು ಕೆಲವರೂ ಆ ಕಲೆಯನ್ನು ಮುಂದುವರಿಸಿದ್ದಾರೆ. ಅಂತಹ ಒಂದು ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಮೊದಲ ಐದು ನಿಮಿಷ ನನ್ನ ಕಣ್ಣು ತೆರೆಯ ಮೇಲೂ ಬೆನ್‌ಶಿಯ ಮೇಲೂ ಓಡಾಡುತ್ತಿತ್ತು; ಆಮೇಲೆ ಬೆನ್‌ಶಿಯನ್ನು ಮರೆತೆ. ಆದರೆ ಮರೆತಾಗಲೂ ಅವರು ಅಲ್ಲಿಯೇ ಇದ್ದರು. ತಲೆ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಕಾಣುತ್ತಿದ್ದರು. ಇದು ಚಿತ್ರ ಹೇಳುತ್ತಿರುವುದಲ್ಲ, ಈ ಮನುಷ್ಯ ಹೇಳುತ್ತಿರುವುದು ಎಂದು ಬೇಕೆಂದಾಗ ನೆನಪು ಮಾಡಿಕೊಳ್ಳಬಹುದಾಗಿತ್ತು.

ಇಂದಿನ ಜಪಾನಿ ಟೆಲಿವಿಷನ್ನಿನಲ್ಲಿ ಬೆನ್‌ಶಿ ಇದ್ದಾನೆ, ಆದರೆ ಚೂರುಚೂರಾಗಿ ಹಂಚಿಹೋಗಿದ್ದಾನೆ. ತೆರೆಯ ಕೆಳಗೆ ಹಳದಿ ಕೆಂಪು ಅಕ್ಷರಗಳಲ್ಲಿ ನಗು, ಬೆರಗು, ಕೋಪ ಎಲ್ಲವೂ ಬರೆದು ಬರುತ್ತವೆ. ಮೂಲೆಯ ಪುಟ್ಟ ಕಿಟಕಿಯೊಳಗೆ ಒಬ್ಬರ ಮುಖ. ಚಿತ್ರ ನೋಡಿ ಅವರು ಕಣ್ಣೊರೆಸಿಕೊಂಡರೆ ನಾವೂ ಅಳಬೇಕೆಂದು ಸೂಚನೆ. ಬೆಳಗಿನ ಸುದ್ದಿಯ ಕಾರ್ಯಕ್ರಮದಲ್ಲಿ ದೊಡ್ಡದೊಂದು ಹಲಗೆ ತಂದಿಟ್ಟು, ಮುಖ್ಯ ಶಬ್ದಗಳ ಮೇಲೆ ಅಂಟಿಸಿದ ಕಾಗದವನ್ನು ಒಂದೊಂದಾಗಿ ಕೀಳುತ್ತ ವಿವರಿಸುತ್ತಾರೆ. ಮಿಠಾಯಿಯೊಂದಿಲ್ಲ, ಉಳಿದುದೆಲ್ಲ ಸೈಕಲ್ಲಿನವನ ವಿದ್ಯೆಯೇ.

ನಮ್ಮಲ್ಲಿಯ ಸುದ್ದಿವಾಹಿನಿಗಳನ್ನು ನೋಡುವವರಿಗೂ ಈ ಬಾಣದ ಗುರುತು, ಕೆಂಪು ವೃತ್ತ, ಒಂದೇ ದೃಶ್ಯವನ್ನು ಹತ್ತು ಸಲ ತೋರಿಸಿ ಹೇಳುವ ಮಾತು ಅಪರಿಚಿತವಲ್ಲ. ಕೈಯಲ್ಲಿರುವ ಮೊಬೈಲಿನಲ್ಲಂತೂ ಮಾತನಾಡುವವನ ಮುಖವೇ ಇರುವುದಿಲ್ಲ. ಎಲ್ಲಿಯದೋ ಹಳೆಯ ಗಲಭೆಯ ಚಿತ್ರಕ್ಕೆ ಇನ್ನಾವುದೋ ಊರಿನ ಹೆಸರು ಹಚ್ಚಿ, ಒಂದು ದನಿಯನ್ನು ಅಂಟಿಸಿ ಕಳಿಸುತ್ತಾರೆ. ಫ್ರಾನ್ಸಿನ ದೊರೆಯನ್ನು ಅಮೆರಿಕದ ಕಳ್ಳನನ್ನಾಗಿ ಮಾಡಿದ ಆ ಬೆನ್‌ಶಿಯ ಕೆಲಸವೇ ಇದು. ಒಂದೇ ಒಂದು ವ್ಯತ್ಯಾಸ: ಅವನು ತನ್ನ ಮೇಜಿನ ಹಿಂದೆ, ತನ್ನ ಹೆಸರನ್ನು ಬಾಗಿಲಲ್ಲಿ ಬರೆಸಿಕೊಂಡು ನಿಂತಿರುತ್ತಿದ್ದ. ಇವನು ಎಲ್ಲಿದ್ದಾನೆಂದು ನಮಗೆ ತಿಳಿಯದು. ಮಾತಿಲ್ಲದ ಚಿತ್ರ ಎಂದೂ ಇರಲಿಲ್ಲ. ಮಾತು ಯಾರದು ಎಂಬುದನ್ನು ಒಂದು ಕಾಲಕ್ಕೆ ತಲೆ ತಿರುಗಿಸಿ ನೋಡಬಹುದಾಗಿತ್ತು, ಈಗ ಹುಡುಕಬೇಕಾಗಿದೆ.

ಅಸಾಕುಸದ ದೊಡ್ಡ ದೇವಾಲಯದ ಆವರಣದಲ್ಲಿ ಬೆನ್‌ಶಿಗಳ ನೆನಪಿಗಾಗಿ ನಿಲ್ಲಿಸಿದ ಒಂದು ಕಲ್ಲಿದೆ. ಅದರ ಮೇಲೆ ಹೆಸರುವಾಸಿಯಾದ ಬೆನ್‌ಶಿಗಳ ಹೆಸರುಗಳನ್ನು ಕೆತ್ತಿದ್ದಾರೆ. ಮಾತನಾಡಲು ತಕ್ಕಮಟ್ಟಿಗೆ ಕಲಿತಿದ್ದರೂ ಆ ಅಕ್ಷರಗಳನ್ನು ಓದುವುದು ನನ್ನಿಂದಾಗಲಿಲ್ಲ. ಕೊಡೆ ಹಿಡಿದು ಹೋಗುತ್ತಿದ್ದ ವೃದ್ಧೆಯೊಬ್ಬರನ್ನು ಕೇಳಿಕೊಂಡೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಹೆಸರನ್ನು ಓದಿ ಹೇಳಿದರು. ಎರಡು ಮೂರು ಕಡೆ ತಡೆದು, "ಈ ಅಕ್ಷರಗಳನ್ನು ಹೆಸರಿನಲ್ಲಿ ಹೇಗೆ ಓದುತ್ತಿದ್ದರೋ ನನಗೂ ಗೊತ್ತಿಲ್ಲ" ಎಂದರು. ಬಲ್ಲೆನೆಂದು ಹೇಳದ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ನಿಲ್ದಾಣದ ಹಿಂದಿನ ಅಂಗಡಿಗೆ ಈಗಲೂ ಹೋಗುತ್ತೇನೆ. ಆ ಹಿರಿಯರು ಬಹುಕಾಲದಿಂದ ಬಂದಿಲ್ಲ. ಮಗಳ ಊರಿಗೆ ಹೋದರೆಂದು ಅಂಗಡಿಯಾಕೆ ಹೇಳಿದಳು. ಮೊನ್ನೆ ಅವರ ಜಾಗದಲ್ಲಿ ಒಬ್ಬ ನೇಪಾಳಿ ತರುಣ ಕುಳಿತಿದ್ದ. ಓದಲೆಂದು ಬಂದವನು, ಬಂದು ಇನ್ನೂ ತಿಂಗಳಾಗಿಲ್ಲ. ತೆರೆಯ ಮೇಲೆ ಮತ್ತೆ ಕಪ್ಪು ಉಡುಪಿನ ಸಾಲು, ಮತ್ತೆ ಅದೇ ದೀರ್ಘವಾದ ಬಾಗು. "ದಾಜು, ಯಾರು ತೀರಿಕೊಂಡರು?" ಎಂದು ಅವನು ಹಿಂದಿಯಲ್ಲಿ ಕೇಳಿದ. ದಾಜು ಎಂದರೆ ಅವರಲ್ಲಿ ಅಣ್ಣ. ಸಾವಲ್ಲಪ್ಪ, ಕ್ಷಮೆ ಕೇಳುತ್ತಿದ್ದಾರೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಮಾತಿನ ರುಚಿ ಹತ್ತಿತ್ತು. ಇವರೆಲ್ಲ ಹೀಗೆಯೇ, ಬಾಗುವುದು ಬರಿಯ ತೋರಿಕೆ, ಮನಸ್ಸಿನಲ್ಲಿ ಏನೂ ಇರುವುದಿಲ್ಲ ಎಂದು ನಾಲ್ಕು ಮಾತು ಸೇರಿಸಿದೆ. ಹುಡುಗ ಗಂಭೀರವಾಗಿ ತಲೆಯಾಡಿಸಿ ತೆರೆಯನ್ನು ನೋಡಿದ. ನಾನೂ ನೋಡ�ಿದೆ. ಸಾಲಿನ ಕೊನೆಯಲ್ಲಿದ್ದ ಮುದುಕನೊಬ್ಬ ಉಳಿದವರೆಲ್ಲ ತಲೆಯೆತ್ತಿದ ಮೇಲೂ ಬಾಗಿಯೇ ಇದ್ದ. ಅವನ ಕೈಗಳು ನಡುಗುತ್ತಿದ್ದುವು.

"ತಡೆಯಪ್ಪ," ಎಂದು ಹುಡುಗನಿಗೆ ಹೇಳಿದೆ, "ನಾನು ಈಗ ಹೇಳಿದ್ದರಲ್ಲಿ ಅರ್ಧ ನನ್ನ ಮಾತು. ನೀನೇ ಇನ್ನೊಂದು ಸಲ ನೋಡು."